ಬ್ಯಾಟರಿ ಬದಲಿಸುವ ಮುಂಚೆ: ಮಲೆನಾಡಿನ ಮಳೆಯಲ್ಲಿ ಕಾರಿನ ಕರೆಂಟ್ ಪರೀಕ್ಷೆ

ಮೃಗಶಿರ ಮಳೆ ಹಿಡಿದು ಎರಡು ವಾರ ಆಗುವಷ್ಟರಲ್ಲಿ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಒಂದು ಮಾತು ಜಾಸ್ತಿ ಕೇಳಿಬರುತ್ತದೆ. "ಕಾರ್ ಸೆಲ್ಫ್ ತಗೋತಿಲ್ಲ, ಬ್ಯಾಟರಿ ಹೋಗಿರಬೇಕು." ಸಾವಿರಾರು ರೂಪಾಯಿ ಕೊಟ್ಟು ಹೊಸ ಬ್ಯಾಟರಿ ಹಾಕಿಸುತ್ತಾರೆ. ಕೆಲವು ದಿನ ಸರಿ ಇರುತ್ತದೆ, ಆಮೇಲೆ ಮತ್ತೆ ಅದೇ ಗೋಳು. ಇಂಥ ಎಷ್ಟೋ ಕಾರುಗಳಲ್ಲಿ ಹಳೇ ಬ್ಯಾಟರಿ ಚೆನ್ನಾಗಿಯೇ ಇರುತ್ತದೆ. ಕೆಟ್ಟಿರುವುದು ಕಿಲುಬು ಹಿಡಿದ ಒಂದು ವೈರಿನ ತುದಿ, ಇಲ್ಲವೇ ತುಕ್ಕು ಹಿಡಿದ ಒಂದು ಬೋಲ್ಟು.

ಕಾರಿನ ಕರೆಂಟ್ ವ್ಯವಸ್ಥೆ ಅಷ್ಟೇನೂ ನಿಗೂಢವಲ್ಲ. ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ (ವೋಲ್ಟ್, ಆಂಪಿಯರ್, ಓಮ್ ಅಳೆಯುವ ಸಾಧನ) ಕೊಂಡು, ಒಂದು ಭಾನುವಾರ ಬೆಳಿಗ್ಗೆ ಬಾನೆಟ್ ತೆಗೆದು ಕೂತರೆ ಮುಕ್ಕಾಲು ಪಾಲು ತೊಂದರೆಗಳ ಜಾಡು ನೀವೇ ಹಿಡಿಯಬಹುದು. ರಿಪೇರಿ ನೀವೇ ಮಾಡಬೇಕೆಂದಿಲ್ಲ. ಆದರೆ ಏನು ಕೆಟ್ಟಿದೆ ಎಂದು ಗೊತ್ತಿದ್ದು ಎಲೆಕ್ಟ್ರಿಷಿಯನ್ ಹತ್ತಿರ ಹೋಗುವುದಕ್ಕೂ, "ಏನೋ ಆಗಿದೆ ನೋಡಿ" ಅಂತ ಹೋಗುವುದಕ್ಕೂ ಬಹಳ ವ್ಯತ್ಯಾಸ ಇದೆ. ಈ ಲೇಖನದಲ್ಲಿ ನಾನು ಒತ್ತಿ ಹೇಳುವುದು ಇಷ್ಟೇ: ಮೊದಲು ಅಳೆಯಿರಿ, ಆಮೇಲೆ ಬದಲಿಸಿ.

ಕೈ ಹಾಕುವ ಮುಂಚೆ

ಬೆರಳಿನ ಉಂಗುರ, ಕೈಗಡಿಯಾರ, ಬಳೆ ತೆಗೆದಿಡಿ. 12 ವೋಲ್ಟ್ ನಿಮಗೆ ಶಾಕ್ ಹೊಡೆಯುವುದಿಲ್ಲ. ಆದರೆ ಬ್ಯಾಟರಿಯ ಪಾಸಿಟಿವ್‌ಗೂ ಬಾಡಿಗೂ ನಡುವೆ ಒಂದು ಉಂಗುರ ಸಿಕ್ಕಿಬಿದ್ದರೆ ನೂರಾರು ಆಂಪಿಯರ್ ಹರಿದು ಅದು ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಬರುತ್ತದೆ, ಹಾಗಾಗಿ ಹತ್ತಿರ ಬೀಡಿ, ಬೆಂಕಿ, ಕಿಡಿ ಏನೂ ಬೇಡ.

ಬ್ಯಾಟರಿ ಬಿಚ್ಚುವಾಗ ಮೊದಲು ನೆಗೆಟಿವ್, ಅಂದರೆ ಕಪ್ಪು ವೈರ್. ಹಾಕುವಾಗ ಅದು ಕೊನೆಗೆ. ನೆಗೆಟಿವ್ ಬಿಚ್ಚಿದ ಮೇಲೆ ಸ್ಪ್ಯಾನರ್ ತಪ್ಪಿ ಬಾಡಿಗೆ ತಾಗಿದರೂ ಕಿಡಿ ಬರುವುದಿಲ್ಲ. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ವೈರ್ ಕಿತ್ತು "ಡೈನಮೋ ಸರಿ ಇದೆಯಾ" ಎಂದು ನೋಡುವ ಹಳೇ ರೂಢಿ ಇದೆ, ಅದನ್ನು ದಯವಿಟ್ಟು ಮಾಡಬೇಡಿ, ಬೇರೆಯವರಿಗೂ ಮಾಡಲು ಬಿಡಬೇಡಿ. ಆ ಕ್ಷಣದಲ್ಲಿ ವೋಲ್ಟೇಜ್ ಒಮ್ಮೆಲೇ ಏರಿ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್), ಡ್ಯಾಶ್‌ಬೋರ್ಡಿನ ಮೀಟರ್, ಮ್ಯೂಸಿಕ್ ಸಿಸ್ಟಮ್ ಸುಟ್ಟುಹೋಗಬಹುದು. ಹಳದಿ ಬಣ್ಣದ ಕನೆಕ್ಟರ್‌ಗಳು ಸಾಮಾನ್ಯವಾಗಿ ಏರ್‌ಬ್ಯಾಗಿನವು, ಅವುಗಳಲ್ಲಿ ಮೀಟರ್ ಕಡ್ಡಿ ಆಡಿಸಬಾರದು. ಹೈಬ್ರಿಡ್ ಅಥವಾ ಎಲೆಕ್ಟ್ರಿಕ್ ಕಾರಾದರೆ ಕಿತ್ತಳೆ ಬಣ್ಣದ ದಪ್ಪ ಕೇಬಲ್‌ಗಳ ಹತ್ತಿರವೂ ಹೋಗಬೇಡಿ. ಅಲ್ಲಿರುವುದು ಪ್ರಾಣ ತೆಗೆಯುವ ವೋಲ್ಟೇಜ್.

ಕಾರಿನಲ್ಲಿ ಕರೆಂಟ್ ಎಲ್ಲಿಂದ ಎಲ್ಲಿಗೆ

ಬ್ಯಾಟರಿಯೊಳಗೆ ಆರು ಕೋಶಗಳಿವೆ. ತುಂಬಿದ ಒಂದೊಂದು ಕೋಶ ಸುಮಾರು 2.1 ವೋಲ್ಟ್ ಕೊಡುತ್ತದೆ. ಆರೂ ಸೇರಿ 12.6. ಎಂಜಿನ್ ತಿರುಗಿಸುವಷ್ಟು ಹೊತ್ತು ಮಾತ್ರ ಬ್ಯಾಟರಿಗೆ ದೊಡ್ಡ ಕೆಲಸ. ಸೆಲ್ಫ್ ಮೋಟರ್ ಚಿಕ್ಕ ಪೆಟ್ರೋಲ್ ಕಾರಿನಲ್ಲೂ ನೂರು ಆಂಪಿಯರ್‌ಗಿಂತ ಜಾಸ್ತಿ ಎಳೆಯುತ್ತದೆ, ಡೀಸೆಲ್ ಜೀಪುಗಳಲ್ಲಿ ಇನ್ನೂ ಜಾಸ್ತಿ. ಎಂಜಿನ್ ಹಿಡಿದ ಮೇಲೆ ಆಲ್ಟರ್ನೇಟರ್ ಕೆಲಸಕ್ಕೆ ಇಳಿಯುತ್ತದೆ. ನಮ್ಮ ಕಡೆ ಇದನ್ನೇ ಡೈನಮೋ ಎನ್ನುತ್ತಾರೆ. ಬೆಲ್ಟ್ ತಿರುಗಿಸಿದಾಗ ಒಳಗಿನ ವಿದ್ಯುತ್ ಅಯಸ್ಕಾಂತ ತಾಮ್ರದ ಸುರುಳಿಗಳ ನಡುವೆ ತಿರುಗಿ ಮೂರು ಫೇಸಿನ ಎಸಿ ಕರೆಂಟ್ ಹುಟ್ಟಿಸುತ್ತದೆ. ಶರಾವತಿ ವಿದ್ಯುದಾಗಾರದಲ್ಲಿ ನೀರು ಟರ್ಬೈನ್ ತಿರುಗಿಸಿ ಕರೆಂಟ್ ಹುಟ್ಟಿಸುವುದೂ ಇದೇ ತತ್ವದ ಮೇಲೆ. ಕಾರಿನದರಲ್ಲಿ ಡಯೋಡುಗಳು ಅದನ್ನು ಡಿಸಿ ಮಾಡುತ್ತವೆ, ರೆಗ್ಯುಲೇಟರ್ ಅದನ್ನು ಸುಮಾರು 14 ವೋಲ್ಟಿನ ಆಸುಪಾಸಿನಲ್ಲಿ ಹಿಡಿದಿಡುತ್ತದೆ.

ಹೋದ ಕರೆಂಟ್ ವಾಪಸ್ ಬರಲೇಬೇಕು. ಹೆಡ್‌ಲೈಟಿಗೆ ಪಾಸಿಟಿವ್ ವೈರಿನಲ್ಲಿ ಹೋದದ್ದು ಬಲ್ಬ್ ದಾಟಿ, ಕಾರಿನ ತಗಡು ಬಾಡಿಯ ಮೂಲಕ ಹರಿದು, ಬ್ಯಾಟರಿಯ ನೆಗೆಟಿವ್ ಸೇರುತ್ತದೆ. ವಾಪಸ್ಸಿಗೆ ಬೇರೆ ವೈರ್ ಎಳೆಯುವ ಬದಲು ಬಾಡಿಯನ್ನೇ ಬಳಸಿಕೊಳ್ಳುತ್ತಾರೆ. ಇದೇ ಬಾಡಿ ಅರ್ಥ್. ಕಾರಿನಲ್ಲಿ ಅಲ್ಲಲ್ಲಿ ಕಪ್ಪು ಅಥವಾ ಕಂದು ವೈರುಗಳ ಗೊಂಚಲು ಒಂದು ಬೋಲ್ಟಿನಿಂದ ಬಾಡಿಗೆ ಬಿಗಿದಿರುವುದು ಕಾಣುತ್ತದೆ ಅಲ್ವಾ, ಅವೇ ಅರ್ಥ್ ಪಾಯಿಂಟುಗಳು. ಎಂಜಿನ್ ರಬ್ಬರ್ ಮೌಂಟಿನ ಮೇಲೆ ಕೂತಿರುವುದರಿಂದ ಅದಕ್ಕೂ ಬಾಡಿಗೂ ನಡುವೆ ಪ್ರತ್ಯೇಕ ದಪ್ಪ ಪಟ್ಟಿ ಇರುತ್ತದೆ. ಮಲೆನಾಡಿನಲ್ಲಿ ಮೊದಲು ಅನುಮಾನ ಪಡಬೇಕಾದದ್ದು ಈ ಜಾಗಗಳನ್ನೇ. ಆಗುಂಬೆಯ ಮಳೆ ವರ್ಷಕ್ಕೆ 7000 ಮಿಲಿಮೀಟರ್ ದಾಟುತ್ತದೆ. ಅಷ್ಟು ನೀರು, ಕೆಂಪು ಕೆಸರು, ತಿಂಗಳುಗಟ್ಟಲೆ ಆರದ ತೇವ ಇರುವಲ್ಲಿ ತಗಡಿಗೆ ತುಕ್ಕು, ತಾಮ್ರಕ್ಕೆ ಕಿಲುಬು ಬಾರದೆ ಇರುವುದಿಲ್ಲ.

ಮೊದಲ ಅಳತೆ: ಮೂರು ಅಂಕಿಗಳು

ಮೀಟರನ್ನು ಡಿಸಿ 20 ವೋಲ್ಟಿಗೆ ತಿರುಗಿಸಿ. ಕೆಂಪು ಕಡ್ಡಿ ಬ್ಯಾಟರಿಯ ಪಾಸಿಟಿವ್ ಮೇಲೆ, ಕಪ್ಪು ನೆಗೆಟಿವ್ ಮೇಲೆ.

ರಾತ್ರಿಯೆಲ್ಲ ನಿಂತ ಕಾರಿನಲ್ಲಿ, ಬೆಳಿಗ್ಗೆ ಕೀ ಹಾಕುವ ಮುಂಚೆ ನೋಡಿ. 12.6ರ ಹತ್ತಿರ ಇದ್ದರೆ ಬ್ಯಾಟರಿ ತುಂಬಿದೆ. 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ, 12.0 ಅಂದರೆ ಕಾಲು ಭಾಗ. ಅರ್ಧ ವೋಲ್ಟಿನ ವ್ಯತ್ಯಾಸದಲ್ಲೇ ಇಷ್ಟೆಲ್ಲ ಅಡಗಿದೆ. ಆದ್ದರಿಂದ "12 ತೋರಿಸ್ತಿದೆ, ಬ್ಯಾಟರಿ ಸರಿ ಇದೆ" ಅನ್ನುವುದು ತಪ್ಪು ಲೆಕ್ಕ. ಈಗಷ್ಟೇ ಓಡಿಸಿ ಬಂದಿದ್ದರೆ ಅಂಕಿ ಸುಳ್ಳಾಗಿಯೇ ಮೇಲಿರುತ್ತದೆ. ಎರಡು ನಿಮಿಷ ಹೆಡ್‌ಲೈಟ್ ಹಾಕಿ, ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಅಳೆಯಿರಿ.

ಎರಡನೆಯದು ಸೆಲ್ಫ್ ಹೊಡೆಯುವಾಗಿನ ಅಂಕಿ. ಮನೆಯಲ್ಲಿ ಯಾರನ್ನಾದರೂ ಕೀ ತಿರುಗಿಸಲು ಕೂರಿಸಿ, ನೀವು ಮೀಟರ್ ನೋಡಿ. ಕಡಿಮೆ ಬೆಲೆಯ ಮೀಟರ್ ನಿಧಾನ, ಅದಕ್ಕೆ ಒಂದೆರಡು ಸೆಕೆಂಡ್ ತಿರುಗಿದಾಗ ನಿಂತ ಅಂಕಿಯನ್ನು ತೆಗೆದುಕೊಳ್ಳಿ. 9.6ಕ್ಕಿಂತ ಕೆಳಗೆ ಬೀಳಬಾರದು. 12.5 ಇದ್ದ ಬ್ಯಾಟರಿ ಸೆಲ್ಫ್ ಹೊಡೆದ ಕೂಡಲೇ 8ಕ್ಕೆ ಕುಸಿದರೆ, ಅದರ ಆಯುಷ್ಯ ಮುಗಿದಿರುವ ಸಂಭವ ಹೆಚ್ಚು. ಮೊದಲೇ 12.1 ಇದ್ದು ಕುಸಿದರೆ ಅದು ಖಾಲಿ ಆಗಿದೆಯಷ್ಟೆ. ಚಾರ್ಜ್ ಮಾಡಿಸಿ ಮತ್ತೆ ಅಳೆಯದೆ ತೀರ್ಮಾನ ಮಾಡಬೇಡಿ. ಬ್ಯಾಟರಿ ಮೇಲಿನ ಹಸಿರು ಕಣ್ಣನ್ನು ಪೂರ್ತಿ ನಂಬಬೇಡಿ. ಅದು ನೋಡುವುದು ಆರರಲ್ಲಿ ಒಂದೇ ಕೋಶವನ್ನು.

ಮೂರನೆಯದು ಎಂಜಿನ್ ಓಡುವಾಗ. 13.8ರಿಂದ 14.7ರ ಒಳಗಿದ್ದರೆ ಆಲ್ಟರ್ನೇಟರ್ ಚೆನ್ನಾಗಿದೆ. ಈಗ ಹೆಡ್‌ಲೈಟ್, ವೈಪರ್, ಬ್ಲೋವರ್, ಹಿಂದಿನ ಗಾಜಿನ ಡಿಫಾಗರ್ ಎಲ್ಲ ಹಾಕಿ. ಆಕ್ಸಿಲರೇಟರ್ ಸ್ವಲ್ಪ ಒತ್ತಿದಾಗಲೂ ಅಂಕಿ 13ಕ್ಕಿಂತ ಕೆಳಗಿದ್ದರೆ ಬೆಲ್ಟ್ ಸಡಿಲ ಇರಬಹುದು, ಇಲ್ಲವೇ ಆಲ್ಟರ್ನೇಟರ್ ಸೋತಿರಬಹುದು. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ, ಬ್ಯಾಟರಿಯ ನೀರು ಬೇಗ ಬತ್ತುತ್ತದೆ, ಬಲ್ಬುಗಳು ಬೇಗ ಬೇಗ ಹೋಗುತ್ತವೆ. ಇತ್ತೀಚಿನ ಕೆಲವು ಕಾರುಗಳಲ್ಲಿ ಕಂಪ್ಯೂಟರೇ ಚಾರ್ಜಿಂಗ್ ಹೆಚ್ಚು ಕಡಿಮೆ ಮಾಡುತ್ತದೆ. ಅಲ್ಲಿ ಅಂಕಿ 12.8 ಕಂಡ ಕೂಡಲೇ ಗಾಬರಿ ಬೇಡ, ಹೆಡ್‌ಲೈಟ್ ಹಾಕಿ ಇನ್ನೊಮ್ಮೆ ನೋಡಿ.

ಮಳೆಗಾಲದ ಸಣ್ಣ ಓಡಾಟದ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ತೋಟದ ಮನೆಯಿಂದ ಪೇಟೆಗೆ ನಾಲ್ಕೈದು ಕಿಲೋಮೀಟರ್, ನಿಧಾನಕ್ಕೆ, ಎಲ್ಲವನ್ನೂ ಹಾಕಿಕೊಂಡು ಹೋಗುತ್ತೀರಿ. ಹೆಡ್‌ಲೈಟಿಗೆ 10 ಆಂಪಿಯರ್, ಡಿಫಾಗರ್‌ಗೆ 10ಕ್ಕಿಂತ ಮೇಲೆ, ಬ್ಲೋವರ್‌ಗೂ ವೈಪರ್‌ಗೂ ಸೇರಿ ಇನ್ನೊಂದು ಹತ್ತು ಹದಿನೈದು. ಆಲ್ಟರ್ನೇಟರ್ ತನ್ನ ಪೂರ್ತಿ ಶಕ್ತಿ ಕೊಡುವುದು ಎಂಜಿನ್ ಜೋರಾಗಿ ತಿರುಗುವಾಗ ಮಾತ್ರ. ಮೊದಲ, ಎರಡನೇ ಗೇರಿನಲ್ಲಿ ಕೆಸರು ದಾರಿಯಲ್ಲಿ ತೆವಳುವಾಗ ಬ್ಯಾಟರಿಗೆ ಉಳಿಯುವುದು ಸ್ವಲ್ಪವೇ. ಗಾಜಿನ ಮಂಜು ಹೋದ ಕೂಡಲೇ ಡಿಫಾಗರ್ ಆರಿಸಿ. ವಾರಕ್ಕೊಮ್ಮೆ ಅರ್ಧ ಮುಕ್ಕಾಲು ಗಂಟೆ ಹೈವೇಯಲ್ಲಿ ಓಡಿಸಿ. ಅಂಗಳದಲ್ಲಿ ಸುಮ್ನೆ ಹತ್ತು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಅಷ್ಟು ಪ್ರಯೋಜನ ಇಲ್ಲ.

ಶಬ್ದ ಏನು ಹೇಳುತ್ತದೆ

ಕೀ ತಿರುಗಿಸಿದಾಗ "ಟಕ ಟಕ ಟಕ" ಎಂದು ಬೇಗ ಬೇಗ ಬಡಿದರೆ ಕರೆಂಟ್ ಸಾಲುತ್ತಿಲ್ಲ: ಖಾಲಿ ಬ್ಯಾಟರಿ ಅಥವಾ ಸಡಿಲ ಟರ್ಮಿನಲ್. ಒಂದೇ ಸಲ "ಟಕ್" ಎಂದು ಸುಮ್ಮನಾದರೆ ಹೆಡ್‌ಲೈಟ್ ಹಾಕಿ ಇನ್ನೊಮ್ಮೆ ತಿರುಗಿಸಿ. ದೀಪ ಪೂರ್ತಿ ಮಂಕಾದರೆ ಬ್ಯಾಟರಿ ಅಥವಾ ಟರ್ಮಿನಲ್ ಕಡೆ ನೋಡಿ. ದೀಪ ಹಾಗೇ ಉರಿಯುತ್ತಿದ್ದು ಸೆಲ್ಫ್ ಮಾತ್ರ ತಿರುಗದಿದ್ದರೆ ಸೆಲ್ಫ್ ಮೋಟರ್, ಅದರ ಸೊಲೆನಾಯ್ಡ್ (ಸೆಲ್ಫ್ ಮೋಟರಿಗೆ ಕರೆಂಟ್ ಬಿಡುವ ಸ್ವಿಚ್) ಅಥವಾ ಅದರ ದಾರಿಯ ಕೇಬಲ್. ಏನೂ ಶಬ್ದವೇ ಇಲ್ಲವೆಂದರೆ ಇಗ್ನಿಷನ್ ಸ್ವಿಚ್, ರಿಲೇ, ಕ್ಲಚ್ ಸ್ವಿಚ್, ಇಮ್ಮೊಬಿಲೈಸರ್ (ಕಳ್ಳತನ ತಡೆಯುವ ವ್ಯವಸ್ಥೆ) ಕಡೆ ನೋಡಬೇಕು.

ಸಂಪರ್ಕ ಪರೀಕ್ಷೆ: ಇದನ್ನು ಕಲಿತರೆ ಸಾಕು

ಬಹಳ ಜನ ಎಡವುವುದು ಇಲ್ಲೇ. ಒಂದು ಅರ್ಥ್ ಬೋಲ್ಟಿಗೆ ತುಕ್ಕು ಹಿಡಿದು, ಅಲ್ಲಿ 0.05 ಓಮ್ ಅಡ್ಡಿ ಬಂದಿದೆ ಎಂದುಕೊಳ್ಳಿ. ಸಾಧಾರಣ ಮೀಟರಿನ ಓಮ್ ಅಳತೆಯಲ್ಲಿ ಇಷ್ಟು ಸಣ್ಣದು ಸರಿಯಾಗಿ ಕಾಣುವುದೇ ಇಲ್ಲ. ಬಲ್ಬ್ ಹಾಕಿ ನೋಡಿದರೂ ಗೊತ್ತಾಗುವುದಿಲ್ಲ. ಒಂದು ಹೆಡ್‌ಲೈಟ್ ಬಲ್ಬ್ 55 ವ್ಯಾಟ್. 55ನ್ನು 12ರಿಂದ ಭಾಗಿಸಿದರೆ ಸುಮಾರು 4.6 ಆಂಪಿಯರ್. ಅದು ಆ ಬೋಲ್ಟಿನಲ್ಲಿ ಕಳೆದುಕೊಳ್ಳುವುದು 4.6 ಗುಣಿಸು 0.05, ಅಂದರೆ ಕಾಲು ವೋಲ್ಟಿಗಿಂತ ಕಡಿಮೆ. ದೀಪ ಚೆನ್ನಾಗಿಯೇ ಉರಿಯುತ್ತದೆ. ಆದರೆ ಸೆಲ್ಫ್ 150 ಆಂಪಿಯರ್ ಎಳೆಯಲು ಹೋದರೆ ಅದೇ ಬೋಲ್ಟಿನಲ್ಲಿ 7.5 ವೋಲ್ಟ್ ಹೋಗಬೇಕಾಗುತ್ತದೆ. ಮೋಟರಿಗೆ ಉಳಿಯುವುದೇನು? ಅದಕ್ಕೇ ಅದು ತಿರುಗುವುದಿಲ್ಲ. ದೀಪ ಉರಿಯುತ್ತದೆ, ಹಾರ್ನ್ ಕೂಗುತ್ತದೆ, ಮೀಟರ್ 12.6 ತೋರಿಸುತ್ತದೆ, ಕಾರ್ ಮಾತ್ರ ಸ್ಟಾರ್ಟ್ ಆಗುವುದಿಲ್ಲ. ಹೊಸ ಬ್ಯಾಟರಿ ಹಾಕುವಾಗ ಟರ್ಮಿನಲ್ ಉಜ್ಜಿ ಬಿಗಿ ಮಾಡುತ್ತಾರಲ್ಲ, ಎಷ್ಟೋ ಸಲ ಕಾರ್ ಸರಿಯಾಗುವುದು ಆ ಉಜ್ಜುವಿಕೆಯಿಂದಲೇ.

ಆದ್ದರಿಂದ ಕರೆಂಟ್ ಹರಿಯುವಾಗಲೇ ಅಳೆಯಬೇಕು. ವಿಧಾನ ಸುಲಭ. ಮೀಟರ್ ಡಿಸಿ 20 ವೋಲ್ಟಿನಲ್ಲೇ ಇರಲಿ. ಕಪ್ಪು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಸೀಸದ ಕಂಬಕ್ಕೇ ಒತ್ತಿ, ಅದರ ಮೇಲಿನ ಕ್ಲ್ಯಾಂಪಿಗಲ್ಲ. ಕೆಂಪು ಕಡ್ಡಿಯನ್ನು ಎಂಜಿನ್ ಬ್ಲಾಕಿನ ಬಣ್ಣವಿಲ್ಲದ ಲೋಹಕ್ಕೆ ಒತ್ತಿ. ಈಗ ಸೆಲ್ಫ್ ಹೊಡೆಸಿ. ಸಂಪರ್ಕ ಚೆನ್ನಾಗಿದ್ದರೆ ಮೀಟರ್ 0.2, ಹೆಚ್ಚೆಂದರೆ 0.3 ತೋರಿಸುತ್ತದೆ. ಅರ್ಧ ವೋಲ್ಟ್ ದಾಟಿತೋ, ಬ್ಯಾಟರಿಯಿಂದ ಎಂಜಿನ್ನಿನವರೆಗಿನ ಅರ್ಥ್ ದಾರಿಯಲ್ಲಿ ದೋಷ ಇದೆ.

ಈಗ ಜಾಗ ಹುಡುಕಿ. ಕಪ್ಪು ಕಡ್ಡಿ ಹಾಗೇ ಇರಲಿ. ಕೆಂಪನ್ನು ಮೊದಲು ನೆಗೆಟಿವ್ ಕ್ಲ್ಯಾಂಪಿಗೆ, ಆಮೇಲೆ ಅದರ ವೈರ್ ಬಾಡಿಗೆ ಸೇರುವ ಬೋಲ್ಟಿಗೆ, ಆಮೇಲೆ ಪಕ್ಕದ ಬಾಡಿ ಲೋಹಕ್ಕೆ, ಕೊನೆಗೆ ಎಂಜಿನ್ನಿಗೆ, ಹೀಗೆ ಒಂದೊಂದೇ ಹೆಜ್ಜೆ ಸರಿಸುತ್ತಾ ಪ್ರತಿ ಸಲ ಸೆಲ್ಫ್ ಹೊಡೆಸಿ. ಎಲ್ಲಿ ಅಂಕಿ ಒಮ್ಮೆಲೇ ಜಿಗಿಯಿತೋ ಅಲ್ಲೇ ರೋಗ. ಒಂದೊಂದು ಸಲಕ್ಕೆ ಐದು ಸೆಕೆಂಡಿಗಿಂತ ಜಾಸ್ತಿ ಸೆಲ್ಫ್ ಬೇಡ, ನಡುವೆ ಅದಕ್ಕೆ ಬಿಡುವು ಕೊಡಿ.

ಪಾಸಿಟಿವ್ ಕಡೆಗೂ ಇದೇ ಕ್ರಮ. ಒಂದು ಕಡ್ಡಿ ಪಾಸಿಟಿವ್ ಕಂಬಕ್ಕೆ, ಇನ್ನೊಂದು ಸೆಲ್ಫ್ ಮೋಟರಿನ ದಪ್ಪ ಕೇಬಲ್ ಬೋಲ್ಟಿಗೆ. ಅರ್ಧ ವೋಲ್ಟಿನೊಳಗೆ ಇರಬೇಕು. ಮಂಕಾದ ಹೆಡ್‌ಲೈಟಿಗೂ ಇದೇ ಪರೀಕ್ಷೆ: ದೀಪ ಉರಿಯುವಾಗ, ಬ್ಯಾಟರಿ ನೆಗೆಟಿವ್ ಕಂಬಕ್ಕೂ ಬಲ್ಬ್ ಕನೆಕ್ಟರಿನ ಅರ್ಥ್ ಪಿನ್ನಿಗೂ ನಡುವೆ 0.2ಕ್ಕಿಂತ ಜಾಸ್ತಿ ಬರಬಾರದು. ಹ್ಯಾಲೊಜನ್ ಬಲ್ಬಿಗೆ ಹೋಗುವ ವೋಲ್ಟೇಜ್ ಶೇಕಡಾ 10ರಷ್ಟು ಇಳಿದರೆ ಬೆಳಕು ಹತ್ತಿರ ಹತ್ತಿರ ಶೇಕಡಾ 30ರಷ್ಟು ಕಡಿಮೆ ಆಗುತ್ತದೆ. ದೀಪ ಸಾಲದು ಎಂದು 100/90 ವ್ಯಾಟಿನ ಬಲ್ಬ್ ಹಾಕಿಸುವ ಮುಂಚೆ ಈ ಒಂದು ಅಳತೆ ನೋಡಿ. ಆ ದೊಡ್ಡ ಬಲ್ಬುಗಳಿಂದ ಕಂಪನಿ ಕೊಟ್ಟ ವೈರ್, ಸಾಕೆಟ್ ಕಾದು ಕರಗುತ್ತವೆ. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಎದುರಿನಿಂದ ಬರುವವರ ಕಣ್ಣು ಕಟ್ಟುವುದು ಇನ್ನೂ ಅಪಾಯ.

ಮೀಟರ್ ಇಲ್ಲದೆಯೂ ಕೆಟ್ಟ ಅರ್ಥ್ ಗುರುತಿಸುವ ಒಂದು ಸುಳಿವು ಇದೆ. ಇಂಡಿಕೇಟರ್ ಹಾಕಿದರೆ ಹಿಂದಿನ ಕೆಂಪು ದೀಪವೂ ಜತೆಗೆ ಮಿಣುಕುತ್ತದೆಯೇ? ಬ್ರೇಕ್ ಒತ್ತಿದರೆ ರಿವರ್ಸ್ ದೀಪ ಮಂಕಾಗಿ ಹೊತ್ತಿಕೊಳ್ಳುತ್ತದೆಯೇ? ಹಾಗಾದರೆ ಆ ದೀಪಗಳ ಅರ್ಥ್ ದಾರಿ ಮುಚ್ಚಿಹೋಗಿದೆ. ಕರೆಂಟ್ ಪಕ್ಕದ ಬಲ್ಬಿನೊಳಗಿಂದ ನುಗ್ಗಿ ವಾಪಸ್ ಹೋಗುತ್ತಿದೆ. ಬಲ್ಬ್ ಬದಲಿಸಿ ಪ್ರಯೋಜನ ಇಲ್ಲ.

ರೋಗದ ಜಾಗ ಸಿಕ್ಕಿದ ಮೇಲೆ ಕೆಲಸ ಇಷ್ಟೇ. ಬ್ಯಾಟರಿ ನೆಗೆಟಿವ್ ಬಿಚ್ಚಿ. ಬೋಲ್ಟ್ ಪೂರ್ತಿ ತೆಗೆಯಿರಿ. ವೈರಿನ ರಿಂಗ್, ಬಾಡಿಯ ಜಾಗ, ಬೋಲ್ಟಿನ ಅಡಿ, ಮೂರನ್ನೂ ಮರಳು ಕಾಗದದಿಂದ ಲೋಹ ಹೊಳೆಯುವ ತನಕ ಉಜ್ಜಿ. ಒಣಗಿಸಿ, ಗಟ್ಟಿಯಾಗಿ ಬಿಗಿಯಿರಿ. ಬಿಗಿದ ಮೇಲೆ ಹೊರಗಿನಿಂದ ವ್ಯಾಸಲೀನ್ ಸವರಿ. ಬ್ಯಾಟರಿ ಟರ್ಮಿನಲ್ಲಿನ ಬಿಳಿ, ಹಸಿರು ಪುಡಿಗೆ ಅಡಿಗೆ ಸೋಡಾ ಕಲಸಿದ ಬಿಸಿ ನೀರು, ಹಳೇ ಹಲ್ಲುಜ್ಜುವ ಬ್ರಷ್ ಸಾಕು. ಆ ನೀರು ಬ್ಯಾಟರಿಯ ಒಳಗೆ ಮಾತ್ರ ಹೋಗಬಾರದು. ವೈರಿನ ಪ್ಲಾಸ್ಟಿಕ್ ಒಳಗಿನ ತಾಮ್ರವೇ ಹಸಿರಾಗಿ ಪುಡಿಯಾಗುತ್ತಿದ್ದರೆ ಉಜ್ಜುತ್ತಾ ಕೂರಬೇಡಿ, ಆ ವೈರನ್ನೇ ಬದಲಿಸಿ.

ಫ್ಯೂಸ್ ಮತ್ತು ರಿಲೇ

ಸಾಮಾನ್ಯವಾಗಿ ಒಂದು ಡಬ್ಬಿ ಬಾನೆಟ್ ಅಡಿ, ಇನ್ನೊಂದು ಡ್ಯಾಶ್‌ಬೋರ್ಡಿನ ಕೆಳಗೆ. ಮುಚ್ಚಳದಲ್ಲೋ ಕಾರಿನ ಕೈಪಿಡಿಯಲ್ಲೋ ನಕ್ಷೆ ಇರುತ್ತದೆ. ಫ್ಯೂಸಿನ ಬಣ್ಣವೇ ಅದರ ಅಳತೆ: ಕಂದು 7.5 ಆಂಪಿಯರ್, ಕೆಂಪು 10, ನೀಲಿ 15, ಹಳದಿ 20, ಹಸಿರು 30. ಕಿತ್ತು ನೋಡಬೇಕೆಂದಿಲ್ಲ. ಆ ಸರ್ಕ್ಯೂಟ್ ಆನ್ ಇರುವಾಗ ಫ್ಯೂಸಿನ ತಲೆಯ ಎರಡು ಸಣ್ಣ ಲೋಹದ ಚುಕ್ಕಿಗಳಲ್ಲಿ ಒಂದೊಂದನ್ನೂ ಬಾಡಿಗೆ ಹೋಲಿಸಿ ಅಳೆಯಿರಿ. ಎರಡರಲ್ಲೂ 12 ಇದ್ದರೆ ಫ್ಯೂಸ್ ಸರಿ ಇದೆ. ಒಂದರಲ್ಲಿ ಮಾತ್ರ ಇದ್ದರೆ ಹೋಗಿದೆ.

ಹೋದ ಫ್ಯೂಸಿನ ಜಾಗಕ್ಕೆ ಅಷ್ಟೇ ಆಂಪಿಯರಿನದನ್ನು ಹಾಕಿ. ಮತ್ತೆ ಹೋದರೆ ಎಲ್ಲೋ ಶಾರ್ಟ್ ಇದೆ, ಹುಡುಕಬೇಕು. ದೊಡ್ಡ ಫ್ಯೂಸ್ ಹಾಕುವುದು, ಸಿಗರೇಟ್ ಪ್ಯಾಕಿನ ಬೆಳ್ಳಿ ಹಾಳೆ ಸುತ್ತುವುದು, ವೈರ್ ತುಂಡು ಸಿಕ್ಕಿಸುವುದು ಖಂಡಿತ ಬೇಡ. ಫ್ಯೂಸ್ ಇರುವುದು ವೈರನ್ನು ಕಾಪಾಡುವುದಕ್ಕೆ. ಅದು ಕರಗದಿದ್ದರೆ ವೈರ್ ಕರಗುತ್ತದೆ, ಕಾರಿಗೆ ಬೆಂಕಿ ಹತ್ತುತ್ತದೆ.

ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಚ್ಚುವ ಸ್ವಿಚ್. 85, 86 ಎಂಬ ಕಾಲುಗಳು ಒಳಗಿನ ಸುರುಳಿಯವು. 30ಕ್ಕೆ ಬ್ಯಾಟರಿಯಿಂದ ಕರೆಂಟ್ ಬರುತ್ತದೆ, 87ರಿಂದ ದೀಪಕ್ಕೋ ಹಾರ್ನಿಗೋ ಹೋಗುತ್ತದೆ. ಅನುಮಾನ ಬಂದರೆ ಅದೇ ನಂಬರಿನ ಹಾರ್ನ್ ರಿಲೇ ಕಿತ್ತು ಅದಲು ಬದಲು ಮಾಡಿ ನೋಡಿ. ಐದು ನಿಮಿಷದ ಕೆಲಸ.

ರಾತ್ರೋರಾತ್ರಿ ಬ್ಯಾಟರಿ ಖಾಲಿ ಆಗುತ್ತಿದ್ದರೆ

ಮೂರು ಅಂಕಿಗಳೂ ಸರಿ ಇವೆ, ಆದರೂ ಮೂರ್ನಾಲ್ಕು ದಿನ ನಿಲ್ಲಿಸಿದರೆ ಬ್ಯಾಟರಿ ಸಾಯುತ್ತದೆ. ಆಗ ಯಾವುದೋ ಒಂದು ವಸ್ತು ಕದ್ದು ಕರೆಂಟ್ ಎಳೆಯುತ್ತಿದೆ. ಮೀಟರಿನ ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಹಾಕಿ, ಗುಂಡಿಯನ್ನು ಡಿಸಿ ಆಂಪಿಯರ್‌ಗೆ ತಿರುಗಿಸಿ. ಬ್ಯಾಟರಿ ನೆಗೆಟಿವ್ ಬಿಚ್ಚಿ, ಕಂಬಕ್ಕೂ ಬಿಚ್ಚಿದ ಕ್ಲ್ಯಾಂಪಿಗೂ ನಡುವೆ ಮೀಟರ್ ಸೇರಿಸಿ. ಬಾಗಿಲೆಲ್ಲ ಮುಚ್ಚಿ, ಕೀ ದೂರ ಇಟ್ಟು, ಅರ್ಧ ಗಂಟೆ ಕಾಯಿರಿ. ಕಾರಿನ ಕಂಪ್ಯೂಟರ್‌ಗಳು ಮಲಗಲು ಅಷ್ಟು ಹೊತ್ತು ಬೇಕು. ಈ ಸ್ಥಿತಿಯಲ್ಲಿ ಯಾವ ಕಾರಣಕ್ಕೂ ಸೆಲ್ಫ್ ಹೊಡೆಯಬೇಡಿ, ಮೀಟರ್ ಸುಟ್ಟುಹೋಗುತ್ತದೆ.

0.05 ಆಂಪಿಯರ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಸಹಜ. ಅಷ್ಟೇ ಎಳೆದರೂ ದಿನಕ್ಕೆ 1.2 ಆಂಪಿಯರ್ ಅವರ್ (ಆಂಪಿಯರನ್ನು ಗಂಟೆಯಿಂದ ಗುಣಿಸಿದ ಲೆಕ್ಕ) ಹೋಗುತ್ತದೆ. 35 ಆಂಪಿಯರ್ ಅವರ್ ಬ್ಯಾಟರಿ ಎರಡು ವಾರದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಮಳೆ ಜೋರಾಯಿತೆಂದು ಕಾರನ್ನು ಕೊಟ್ಟಿಗೆಯಲ್ಲಿ ತಿಂಗಳು ನಿಲ್ಲಿಸುವವರು ಇದನ್ನು ನೆನಪಿಡಿ. ಅಂಕಿ 0.05ಕ್ಕಿಂತ ಜಾಸ್ತಿ ಇದ್ದರೆ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ನೋಡಿ. ಯಾವುದನ್ನು ಕಿತ್ತಾಗ ಅಂಕಿ ಇಳಿಯಿತೋ ಆ ದಾರಿಯಲ್ಲಿದೆ ಕಳ್ಳ. ಹೊರಗಿನಿಂದ ಹಾಕಿಸಿದ ಮ್ಯೂಸಿಕ್ ಸಿಸ್ಟಮ್, ಕ್ಯಾಮೆರಾ, ಜಿಪಿಎಸ್, ಆರದ ಡಿಕ್ಕಿ ದೀಪ, ಇವುಗಳ ಮೇಲೆ ಮೊದಲು ಕಣ್ಣಿಡಿ. ಒಂದೂ ಸಿಗದಿದ್ದರೆ ಆಲ್ಟರ್ನೇಟರಿನ ಡಯೋಡ್ ಸೋರುತ್ತಿರಬಹುದು.

ನೀರು, ಎಲೆ, ಇಲಿ

ಮರದಡಿ ಕಾರ್ ನಿಲ್ಲಿಸುವವರು ಮಳೆಗಾಲಕ್ಕೆ ಮುಂಚೆ ಒಂದು ಕೆಲಸ ತಪ್ಪದೆ ಮಾಡಿ. ಮುಂದಿನ ಗಾಜಿನ ಕೆಳಗೆ, ವೈಪರ್ ಬುಡದಲ್ಲಿ, ಮಳೆ ನೀರು ಇಳಿದುಹೋಗಲು ಕಾಲುವೆ ಮತ್ತು ತೂತುಗಳಿವೆ. ಹಲಸು, ಮಾವಿನ ಎಲೆ ಕೊಳೆತು ಅದು ಕಟ್ಟಿಕೊಂಡರೆ ನೀರು ಬ್ಲೋವರ್ ದಾರಿಯಿಂದ ಕಾರಿನ ಒಳಗೆ ಇಳಿಯುತ್ತದೆ. ಡ್ಯಾಶ್‌ಬೋರ್ಡ್ ಕೆಳಗಿನ ಫ್ಯೂಸ್ ಡಬ್ಬಿ ಇರುವುದೂ ಅಲ್ಲೇ. ಕಾಲಡಿಯ ಕಾರ್ಪೆಟ್ ಒದ್ದೆಯಾಗಿದ್ದರೆ ಸುಮ್ಮನಿರಬೇಡಿ, ಕಾರ್ಪೆಟ್ ಎತ್ತಿ ಕೆಳಗಿನ ವೈರಿಂಗ್ ನೋಡಿ.

ಕನೆಕ್ಟರ್ ಒಳಗೆ ನೀರು ಹೋಗಿದ್ದರೆ ಬಿಚ್ಚಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಣಗಿಸಿ, ಡೈಎಲೆಕ್ಟ್ರಿಕ್ ಗ್ರೀಸ್ (ತೇವ ತಡೆಯುವ, ಕರೆಂಟ್ ಹರಿಸದ ಗ್ರೀಸ್) ತೆಳ್ಳಗೆ ಹಚ್ಚಿ ಹಾಕಿ. ಹಳ್ಳ ಉಕ್ಕಿ ನೀರು ಸೀಟಿನ ಮಟ್ಟಕ್ಕೆ ಬಂದಿದ್ದ ಕಾರಿಗೆ ಕೀ ಹಾಕಲೇಬಾರದು. ನೆಗೆಟಿವ್ ಬಿಚ್ಚಿಟ್ಟು, ಎಳೆಸಿಕೊಂಡು ಹೋಗಿ.

ಇಲಿ ಕಾಟ ನಮ್ಮಲ್ಲಿ ಸಣ್ಣ ವಿಷಯ ಅಲ್ಲ. ಹೊರಗೆಲ್ಲ ಒದ್ದೆ, ಎಂಜಿನ್ ಬೆಚ್ಚಗೆ, ಪಕ್ಕದಲ್ಲೇ ಭತ್ತದ ಚೀಲ. ಅವು ಬಾರದೆ ಏನು ಮಾಡುತ್ತವೆ? ಹೊಗೆಸೊಪ್ಪು ಇಡುವವರಿದ್ದಾರೆ, ವಾಸನೆ ಹೋದ ಮೇಲೆ ಅದರಿಂದ ಉಪಯೋಗ ಇಲ್ಲ. ಕಾಳು, ಹಿಂಡಿ, ಹಲಸಿನ ಬೀಜವನ್ನು ಕಾರಿನಿಂದ ದೂರ ಇಡುವುದು, ರಾತ್ರಿ ಬಾನೆಟ್ ತೆರೆದು ಬೆಳಕು ಬೀಳುವಂತೆ ಮಾಡುವುದು, ಕೆಳಗಿನ ತೆರಪುಗಳಿಗೆ ಸಣ್ಣ ಕಣ್ಣಿನ ಉಕ್ಕಿನ ಜಾಲರಿ ಕಟ್ಟುವುದು ಇದಕ್ಕಿಂತ ಮೇಲು. ಜಾಲರಿ ಬೆಲ್ಟಿಗೂ ಸೈಲೆನ್ಸರಿಗೂ ತಾಗಬಾರದು. ಕಡಿದ ವೈರನ್ನು ತಿರುಚಿ ಟೇಪ್ ಸುತ್ತಿದರೆ ಮುಂದಿನ ಮಳೆಗೆ ಅಲ್ಲೇ ಕಿಲುಬು. ಬೆಸುಗೆ ಹಾಕಿ ಅಥವಾ ಕ್ರಿಂಪ್ ಮಾಡಿ, ಒಳಗೆ ಅಂಟು ಸವರಿರುವ ಹೀಟ್ ಶ್ರಿಂಕ್ ಕೊಳವೆ (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಕೊಳವೆ) ಹಾಕಿಸಿ.

ಮಂಜಿನ ದೀಪ ಹಾಕಿಸುವಾಗ

ಆಗುಂಬೆ, ಹುಲಿಕಲ್ ಘಾಟಿ ಕಡೆ ಆಗಾಗ ಓಡಾಡುವವರಿಗೆ ಫಾಗ್ ಲೈಟ್ ಬೇಕೇ ಬೇಕು ಎನ್ನುವುದು ನನ್ನ ಅಭಿಪ್ರಾಯ. ಆದರೆ ಪಾರ್ಕಿಂಗ್ ದೀಪದ ವೈರಿಗೆ ಕಚ್ಚಿಸಿ ಹಾಕಿಸಬೇಡಿ. ತಲಾ 55 ವ್ಯಾಟಿನ ಎರಡು ದೀಪ ಅಂದರೆ 110 ವ್ಯಾಟ್, ಸುಮಾರು 9.2 ಆಂಪಿಯರ್. ಬ್ಯಾಟರಿ ಪಾಸಿಟಿವ್‌ನಿಂದ 2.5 ಚದರ ಮಿಲಿಮೀಟರಿನ ವೈರ್ ತೆಗೆದು, ಒಂದು ಗೇಣಿನೊಳಗೇ 15 ಆಂಪಿಯರ್ ಫ್ಯೂಸ್ ಹಾಕಿ, ರಿಲೇಯ 30ಕ್ಕೆ ಕೊಡಿ. 87ರಿಂದ ಎರಡೂ ದೀಪಕ್ಕೆ ಅದೇ ದಪ್ಪದ ವೈರ್. ದೀಪಗಳ ನೆಗೆಟಿವ್ ಉಜ್ಜಿದ ಬಾಡಿ ಬೋಲ್ಟಿಗೆ. 85 ಅರ್ಥಿಗೆ. 86ಕ್ಕೆ ಡ್ಯಾಶ್‌ಬೋರ್ಡಿನ ಸ್ವಿಚ್ಚಿನಿಂದ ತೆಳು ವೈರ್. ಆ ಸ್ವಿಚ್ಚಿಗೆ ಮಾತ್ರ ಪಾರ್ಕಿಂಗ್ ದೀಪದಿಂದ ಕರೆಂಟ್ ತೆಗೆದುಕೊಂಡರೆ, ದೀಪ ಆರಿಸಿದಾಗ ಫಾಗ್ ಲೈಟೂ ಆರುತ್ತದೆ. ರಿಲೇಯನ್ನು ಕಾಲುಗಳು ಕೆಳಮುಖವಾಗಿರುವಂತೆ ಕೂರಿಸಿ. ಪ್ರತಿ ವೈರ್ ಕನೆಕ್ಟರಿಗೆ ಸೇರುವ ಮುಂಚೆ ಸ್ವಲ್ಪ ಕೆಳಗೆ ಇಳಿದು ಮೇಲೆ ಹೋಗಲಿ. ಹರಿದು ಬಂದ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ. ದೀಪ ಬಂಪರಿನ ಕೆಳಭಾಗದಲ್ಲಿ, ಬೆಳಕು ರಸ್ತೆಗೆ ಬೀಳುವಂತೆ ಇರಬೇಕು.

ಘಾಟಿಯಲ್ಲಿ ನಿಂತುಹೋದರೆ

ಜಂಪರ್ ಕೇಬಲ್ ಡಿಕ್ಕಿಯಲ್ಲಿ ಇರಲಿ, ದಪ್ಪನೆಯದು. ಎರಡೂ ಕಾರುಗಳನ್ನು ಹತ್ತಿರ ನಿಲ್ಲಿಸಿ, ಒಂದಕ್ಕೊಂದು ತಾಗಬಾರದು. ಹ್ಯಾಂಡ್‌ಬ್ರೇಕ್ ಎಳೆದು, ಎರಡನ್ನೂ ಆಫ್ ಮಾಡಿ. ಕೆಂಪು ಕೇಬಲ್ಲಿನ ಒಂದು ತುದಿ ಸತ್ತ ಬ್ಯಾಟರಿಯ ಪಾಸಿಟಿವ್‌ಗೆ, ಇನ್ನೊಂದು ಒಳ್ಳೆಯ ಬ್ಯಾಟರಿಯ ಪಾಸಿಟಿವ್‌ಗೆ. ಕಪ್ಪು ಕೇಬಲ್ ಒಳ್ಳೆಯ ಬ್ಯಾಟರಿಯ ನೆಗೆಟಿವ್‌ಗೆ. ಅದರ ಕೊನೆಯ ತುದಿ ಸತ್ತ ಬ್ಯಾಟರಿಗಲ್ಲ, ಆ ಕಾರಿನ ಎಂಜಿನ್ನಿನ ಬರಿ ಲೋಹಕ್ಕೆ, ಬ್ಯಾಟರಿಯಿಂದ ದೂರದಲ್ಲಿ. ಕಿಡಿ ಹಾರುವುದು ಕೊನೆಯ ಸಂಪರ್ಕದಲ್ಲಿ, ಅದು ಬ್ಯಾಟರಿಯ ಅನಿಲದ ಹತ್ತಿರ ಆಗಬಾರದು.

ಒಳ್ಳೆಯ ಕಾರನ್ನು ಐದು ನಿಮಿಷ ಓಡಲು ಬಿಡಿ. ಆಮೇಲೆ ಸತ್ತ ಕಾರಿಗೆ ಸೆಲ್ಫ್ ಹೊಡೆಯಿರಿ. ಹಿಡಿದ ಮೇಲೆ ಜೋಡಿಸಿದ್ದಕ್ಕೆ ಉಲ್ಟಾ ಕ್ರಮದಲ್ಲಿ ಬಿಚ್ಚಿ, ಮೊದಲು ಎಂಜಿನ್ ಲೋಹದ ಕಪ್ಪು. ಮೀಟರ್ ಡಿಕ್ಕಿಯಲ್ಲಿದ್ದರೆ ಅಲ್ಲೇ ಒಮ್ಮೆ ಬ್ಯಾಟರಿಗೆ ಹಿಡಿಯಿರಿ. 13.8ರ ಮೇಲಿದ್ದರೆ ಧೈರ್ಯವಾಗಿ ಹೊರಡಿ. 12ರಲ್ಲೇ ನಿಂತಿದ್ದು, ಕೆಂಪು ಬ್ಯಾಟರಿ ದೀಪವೂ ಆರದಿದ್ದರೆ ಆಲ್ಟರ್ನೇಟರ್ ಕೆಲಸ ಮಾಡುತ್ತಿಲ್ಲ. ಆಗ ಕತ್ತಲಾಗುವ ಮುಂಚೆ, ಎಸಿ, ಬ್ಲೋವರ್, ಮ್ಯೂಸಿಕ್ ಎಲ್ಲ ಆರಿಸಿ, ಹತ್ತಿರದ ಊರು ಸೇರಿಕೊಳ್ಳಿ. ದಾರಿಯಲ್ಲಿ ಎಂಜಿನ್ ಆಫ್ ಮಾಡಬೇಡಿ.